ಅಮೆರಿಕದ ಬೇಸಿಗೆ: ವಾಚ್ ಬೇರೆ, ವಾರ್ನಿಂಗ್ ಬೇರೆ

ಅಮೆರಿಕದಲ್ಲಿ ಮೊದಲ ಬೇಸಿಗೆ. ಫೋನಿನಲ್ಲಿ 90 ಡಿಗ್ರಿ ಫ್ಯಾರನ್‌ಹೀಟ್. "32 ಸೆಲ್ಸಿಯಸ್ ತಾನೇ, ನಮಗೇನು ಹೊಸದಾ?" ಅನ್ನಿಸುತ್ತದೆ, ಅಲ್ವಾ? ಆದರೆ ಆ ಸಂಖ್ಯೆಯಲ್ಲಿ ಸೆಕೆಯ ಲೆಕ್ಕ ಇಲ್ಲ. ಅದಕ್ಕೆ ಹೀಟ್ ಇಂಡೆಕ್ಸ್ ನೋಡಬೇಕು. 90 ಡಿಗ್ರಿಯ ಜೊತೆ ಶೇ. 70 ತೇವಾಂಶ ಇದ್ದರೆ ಮೈಗೆ ತಟ್ಟುವುದು ಸುಮಾರು 105ರ ಹಾಗೆ, ಅಂದರೆ 41 ಸೆಲ್ಸಿಯಸ್. ಅದೂ ನೆರಳಿನಲ್ಲಿ. ನೇರ ಬಿಸಿಲಲ್ಲಿ ಇನ್ನೂ 15 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರಬಹುದು. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಅಪಾಯ ಇರುವುದು ಅಲ್ಲೇ.

ಅಲ್ಲಿನ ಸರ್ಕಾರಿ ಹವಾಮಾನ ಸಂಸ್ಥೆ ನ್ಯಾಷನಲ್ ವೆದರ್ ಸರ್ವಿಸ್ ಮೊದಲು ಹೀಟ್ ಅಡ್ವೈಸರಿ, ಅಂದರೆ ಸೆಕೆಯ ಎಚ್ಚರಿಕೆ ಕೊಡುತ್ತದೆ. ಅದಕ್ಕಿಂತ ಗಂಭೀರವಾದದ್ದು ಎಕ್ಸ್‌ಟ್ರೀಮ್ ಹೀಟ್ ವಾರ್ನಿಂಗ್. ಎಷ್ಟು ಡಿಗ್ರಿಗೆ ಕೊಡಬೇಕು ಅನ್ನುವುದು ಊರಿಂದ ಊರಿಗೆ ಬೇರೆ.

ಇದೇ ಸೆಕೆ ಗುಡುಗು ಮಳೆಗೂ ಬಲ ಕೊಡುತ್ತದೆ. 2012ರ ಜೂನ್ 29ರಂದು ವಾಷಿಂಗ್ಟನ್ ಡಿಸಿಯಲ್ಲಿ 104 ಡಿಗ್ರಿ ಇತ್ತು. ಅದೇ ರಾತ್ರಿ ಮಿಡ್‌ವೆಸ್ಟ್ ಕಡೆಯಿಂದ ಬಿರುಗಾಳಿ ಬಂದು ಲಕ್ಷಾಂತರ ಮನೆಗಳ ಕರೆಂಟ್ ಹೋಯಿತು. ಎಷ್ಟೋ ಜನ ಏಸಿ ಇಲ್ಲದೆ ಆ ಸೆಕೆಯಲ್ಲಿ ದಿನಗಟ್ಟಲೆ ಕಳೆದರು.

ಬಿರುಗಾಳಿಯ ವಿಷಯದಲ್ಲಿ ಎರಡು ಪದ ಚೆನ್ನಾಗಿ ತಿಳಿದಿರಲಿ. ವಾಚ್ ಅಂದರೆ ಬರುವ ಸಾಧ್ಯತೆ ಇದೆ, ತಯಾರಾಗಿರಿ ಎಂದು. ಇದನ್ನು ಒಕ್ಲಹೋಮದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಹತ್ತಾರು ಕೌಂಟಿಗಳಿಗೆ (ನಮ್ಮ ಜಿಲ್ಲೆಗಳ ಹಾಗೆ) ಒಟ್ಟಿಗೆ ಕೊಡುತ್ತದೆ. ವಾರ್ನಿಂಗ್ ಅಂದರೆ ಬಂದೇ ಬಿಟ್ಟಿದೆ, ತಕ್ಷಣ ಒಳಗೆ ಹೋಗಿ ಎಂದು. ಇದು ವೆದರ್ ಸರ್ವಿಸ್‌ನ ಸ್ಥಳೀಯ ಕಚೇರಿಯಿಂದ ಬರುತ್ತದೆ. ಗಾಳಿ ಗಂಟೆಗೆ 58 ಮೈಲಿ ಮುಟ್ಟುವಂತಿದ್ದರೆ, ಇಲ್ಲವೇ ಆಲಿಕಲ್ಲು ಒಂದು ಇಂಚು ಇದ್ದರೆ ಸಿವಿಯರ್ ಥಂಡರ್‌ಸ್ಟಾರ್ಮ್ (ತೀವ್ರ ಗುಡುಗು ಮಳೆ) ವಾರ್ನಿಂಗ್.

ಇಲ್ಲೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಟಾರ್ನೇಡೋ (ಸುಂಟರಗಾಳಿ) ವಾರ್ನಿಂಗ್ ಬಂದರೆ ಫೋನ್ ತಾನಾಗಿ ಜೋರಾಗಿ ಕೂಗುತ್ತದೆ. ಗುಡುಗು ಮಳೆಯ ವಾರ್ನಿಂಗ್‌ಗೆ ಹಾಗಲ್ಲ. ಗಾಳಿ 80 ಮೈಲಿ ಅಥವಾ ಆಲಿಕಲ್ಲು 2.75 ಇಂಚಿನ ಮಟ್ಟಕ್ಕೆ ಹೋದರೆ ಮಾತ್ರ ಕೂಗು. ಹಾಗಾಗಿ ಫೋನ್ ಸುಮ್ನಿದೆ ಅಂತ ನಂಬಿ ಕೂರಬೇಡಿ. ಒಂದು ವೆದರ್ ಆ್ಯಪ್‌ನಲ್ಲಿ ನೋಟಿಫಿಕೇಶನ್ ಆನ್ ಮಾಡಿಡಿ.

ಬಿರುಗಾಳಿ ಅಪಾಯದ ಮುನ್ಸೂಚನೆಗೆ ಕಡಿಮೆಯಿಂದ ಹೆಚ್ಚಿಗೆ ಐದು ಮೆಟ್ಟಿಲು: ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್‌ಡ್, ಮಾಡರೇಟ್, ಹೈ. ಮಾಡರೇಟ್ ಅನ್ನುವ ಹೆಸರು ಕೇಳಿ ಮೋಸ ಹೋಗಬೇಡಿ, ಅದು ನಾಲ್ಕನೆಯದು, ತುಂಬಾ ಗಂಭೀರ.

ಬೇಸಿಗೆಯಲ್ಲಿ ಅಪ್ಪ ಅಮ್ಮ ಬಂದಿದ್ದರೆ, ಎಚ್ಚರಿಕೆ ತಮ್ಮ ಜಾಗಕ್ಕೇ ಅಂತ ಅವರಿಗೆ ತಿಳಿಯಲು ನಿಮ್ಮ ಕೌಂಟಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನೀವು ಆಫೀಸಿನಲ್ಲಿದ್ದಾಗ ಟಾರ್ನೇಡೋ ವಾರ್ನಿಂಗ್ ಬಂದರೆ ಎಲ್ಲಿ ಹೋಗಿ ಕೂರಬೇಕು ಅಂತ ತೋರಿಸಿಡಿ: ಬೇಸ್‌ಮೆಂಟ್, ಅದಿಲ್ಲದಿದ್ದರೆ ಕೆಳಮಹಡಿಯಲ್ಲಿ ಕಿಟಕಿ ಇಲ್ಲದ ಕೋಣೆ.