ಬಾರ್ಲಿ ನೀರು ಬೇಡ, ಮುದ್ದೆ ಇರಲಿ: ಗೋಧಿ ಒಗ್ಗದವರಿಗೆ ಕಿಡ್ನಿ ಸೋಂಕು ಪದೇ ಪದೇ ಬಂದರೆ

ತುಮಕೂರಿನ ನಮ್ಮ ಬೀದಿಯಲ್ಲಿ ಯಾರಿಗೆ ಉರಿಮೂತ್ರ ಬಂದರೂ ಸಂಜೆಯೊಳಗೆ ಅವರ ಮನೆಗೆ ಒಂದು ಚೊಂಬು ಬಾರ್ಲಿ ನೀರು ತಲುಪಿರುತ್ತದೆ. ಎರಡು ವರ್ಷದ ಹಿಂದೆ ನನಗೂ ಬಂತು. "ಉಷ್ಣ ಕಣಮ್ಮ, ಮೂರು ದಿನ ಕುಡಿ, ತಣ್ಣಗಾಗುತ್ತೆ" ಎಂದು ಪಕ್ಕದ ಮನೆ ಅಜ್ಜಿ ಕೊಟ್ಟುಹೋದರು. ಕುಡಿದೆ. ಮೂರನೇ ದಿನಕ್ಕೆ ಹೊಟ್ಟೆ ಉಬ್ಬರ, ಭೇದಿ, ಸುಸ್ತು. ಉರಿ ಹಾಗೇ ಇತ್ತು. ಅದರ ಮೇಲೆ ಚಳಿಜ್ವರ ಬೇರೆ.

ನನಗೆ ಸೀಲಿಯಾಕ್ ಕಾಯಿಲೆ ಇದೆ. ಮನೆಯಲ್ಲಿ ಎಲ್ಲರೂ ಅದನ್ನು ಗೋಧಿ ಅಲರ್ಜಿ ಎನ್ನುತ್ತಾರೆ. ನಿಜವಾಗಿ ಅದು ಅಲರ್ಜಿ ಅಲ್ಲ. ಗ್ಲುಟನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ನಮ್ಮದೇ ರೋಗನಿರೋಧಕ ಶಕ್ತಿ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆಗ ಕಬ್ಬಿಣ, ಕ್ಯಾಲ್ಸಿಯಂ, ಕೊಬ್ಬು ಯಾವುದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಗೋಧಿಯಲ್ಲಿ ಗ್ಲುಟನ್ ಇದೆ, ರೈ ಎಂಬ ಧಾನ್ಯದಲ್ಲಿ ಇದೆ, ಬಾರ್ಲಿಯಲ್ಲೂ ಇದೆ. ಗೋಧಿ ಬಿಟ್ಟು ಒಂದು ವರ್ಷವಾಗಿದ್ದರೂ ಬಾರ್ಲಿಯ ವಿಷಯ ನನಗೆ ಹೊಳೆದಿರಲಿಲ್ಲ. ಬಾರ್ಲಿಗೆ ಕನ್ನಡದ ಹೆಸರು ಜವೆಗೋಧಿ. ಹೆಸರಲ್ಲೇ ಗೋಧಿ ಕೂತಿದೆ, ಅಲ್ವಾ?

ಸೀಲಿಯಾಕ್, ಕಿಡ್ನಿ ಸೋಂಕು ಎರಡೂ ಒಟ್ಟಿಗೆ ಇದ್ದರೆ ಬರುವ ತೊಡಕು ಇದೇ. ಕಿಡ್ನಿಗೆ ಒಳ್ಳೆಯದೆಂದು ಹೇಳಿದ್ದು ಕರುಳಿಗೆ ಆಗುವುದಿಲ್ಲ. ಕರುಳಿಗೆಂದು ಕೊಟ್ಟ ಮಾತ್ರೆ ಸೋಂಕಿನ ಮಾತ್ರೆಗೆ ಅಡ್ಡ ಬರುತ್ತದೆ. ಹೊಟ್ಟೆಯ ಡಾಕ್ಟರ್ ಒಂದು ಚೀಟಿ, ಜ್ವರದ ಡಾಕ್ಟರ್ ಇನ್ನೊಂದು ಚೀಟಿ ಬರೆಯುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರು ಯಾರೂ ಇರುವುದಿಲ್ಲ. ಆ ಕೆಲಸ ನಾವೇ ಮಾಡಬೇಕು. ಹೇಗೆ ಎಂದು ಹಂತಹಂತವಾಗಿ ನೋಡೋಣ.

1. ಉರಿ ಮೇಲಕ್ಕೆ ಏರಿದೆಯೇ ನೋಡಿ

ಮೂತ್ರ ಮಾಡುವಾಗ ಉರಿ, ಐದು ನಿಮಿಷಕ್ಕೊಮ್ಮೆ ಅವಸರ, ಕಿಬ್ಬೊಟ್ಟೆಯಲ್ಲಿ ನೋವು. ಇಷ್ಟೇ ಇದ್ದರೆ ಸೋಂಕು ಮೂತ್ರಕೋಶದಲ್ಲಿದೆ ಎಂದು ಅಂದಾಜು. ಮೈ ನಡುಗಿಸುವ ಚಳಿಜ್ವರ, ಬೆನ್ನಿನ ಒಂದು ಬದಿ ಪಕ್ಕೆಲುಬಿನ ಕೆಳಗೆ ನೋವು, ವಾಕರಿಕೆ ಶುರುವಾದರೆ ಕಿಡ್ನಿಗೆ ಏರಿರಬಹುದು. ಆಗ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು. ಉಷ್ಣ ಎಂದು ಸುಮ್ನೆ ಕೂರಬಾರದು.

ವಾಂತಿಯಾಗಿ ಮಾತ್ರೆ ನಿಲ್ಲುತ್ತಿಲ್ಲ, ಮೂತ್ರ ತೀರಾ ಕಡಿಮೆಯಾಗಿದೆ, ಮಾತು ತೊದಲುತ್ತಿದೆ, ತಲೆ ಸುತ್ತಿ ಬೀಳುವ ಹಾಗಿದೆ ಎಂದರೆ ನೇರ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಲು ಸಂಕೋಚ ಬೇಡ. ಬಸುರಿಯರು, ಸಕ್ಕರೆ ಕಾಯಿಲೆಯವರು, ಒಂದೇ ಕಿಡ್ನಿ ಇರುವವರು ಇಷ್ಟು ಆಗುವವರೆಗೂ ಕಾಯಬಾರದು.

2. ಮಾತ್ರೆಗೆ ಮುಂಚೆ ಡಬ್ಬಿ

ಮೊಂಡು ಸೋಂಕಿನವರು ಜಾಸ್ತಿ ಎಡವುವುದು ಇಲ್ಲೇ. ಮೆಡಿಕಲ್ ಸ್ಟೋರಿಗೆ ಹೋಗಿ "ಹೋದ ಸಲ ಕೊಟ್ಟಿದ್ರಲ್ಲ, ಅದನ್ನೇ ಕೊಡಿ" ಎನ್ನುತ್ತೇವೆ. ಎರಡು ದಿನ ನುಂಗುತ್ತೇವೆ. ಉರಿ ಕಡಿಮೆಯಾಯಿತೆಂದು ಬಿಟ್ಟುಬಿಡುತ್ತೇವೆ. ಉಳಿದುಕೊಂಡ ರೋಗಾಣು ಮುಂದಿನ ಸಲ ಆ ಮಾತ್ರೆಗೆ ಜಗ್ಗದೆ ಹೋಗಬಹುದು.

ಆಂಟಿಬಯೋಟಿಕ್‌ನ ಮೊದಲ ಗುಳಿಗೆಗೆ ಮುಂಚೆಯೇ ಯೂರಿನ್ ಕಲ್ಚರ್‌ಗೆ ಕೊಡಬೇಕು. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಸೋಂಕು ಇರುವ ಸುಳಿವು ಮಾತ್ರ ಸಿಗುತ್ತದೆ. ಯಾವ ರೋಗಾಣು, ಯಾವ ಔಷಧಿಗೆ ಅದು ಸಾಯುತ್ತದೆ ಎಂದು ಹೇಳುವುದು ಕಲ್ಚರ್. ಬಹಳಷ್ಟು ಸಲ ಅದು ನಮ್ಮ ಕರುಳಿನಲ್ಲೇ ವಾಸ ಮಾಡುವ ಇ. ಕೋಲಿ. ವರದಿಗೆ ಎರಡು ಮೂರು ದಿನ ಬೇಕು. ಜ್ವರ ಜೋರಾಗಿದ್ದರೆ ಡಾಕ್ಟರ್ ಅಷ್ಟು ಕಾಯುವುದಿಲ್ಲ. ಸ್ಯಾಂಪಲ್ ತೆಗೆದುಕೊಂಡ ಕೂಡಲೇ ಔಷಧಿ ಶುರು ಮಾಡಿ, ವರದಿ ಬಂದ ಮೇಲೆ ಬೇಕಿದ್ದರೆ ಬದಲಿಸುತ್ತಾರೆ.

ಡಬ್ಬಿ ತುಂಬುವುದಕ್ಕೂ ಒಂದು ಕ್ರಮವಿದೆ. ಮೊದಲು ತೊಳೆದುಕೊಳ್ಳಿ. ಮೊದಲ ಸ್ವಲ್ಪ ಮೂತ್ರ ಹೊರಗೆ ಬಿಟ್ಟು, ನಡುವಿನದನ್ನು ಲ್ಯಾಬ್‌ನವರು ಕೊಟ್ಟ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಹಾರ್ಲಿಕ್ಸ್ ಬಾಟಲಿ ಎಷ್ಟೇ ತೊಳೆದಿದ್ದರೂ ಬೇಡ. ಸ್ಯಾಂಪಲ್ ಒಂದೆರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಕುಣಿಗಲ್ಲಿನಿಂದಲೋ ಪಾವಗಡದಿಂದಲೋ ಬಸ್ಸಿನಲ್ಲಿ ಹೊತ್ತು ತರುವುದಕ್ಕಿಂತ ಲ್ಯಾಬ್‌ನಲ್ಲೇ ಕೊಡುವುದು ವಾಸಿ.

ಒಂದು ಎಚ್ಚರಿಕೆ. ಉರಿ ಇಲ್ಲ, ಜ್ವರ ಇಲ್ಲ, ಆದರೂ ವರದಿಯಲ್ಲಿ ರೋಗಾಣು ಕಂಡಿತು ಎಂದರೆ ಬಸುರಿಯರನ್ನು ಬಿಟ್ಟು ಬಹುತೇಕರಿಗೆ ಔಷಧಿ ಬೇಕಾಗುವುದಿಲ್ಲ. ಕಾಗದಕ್ಕೆ ಚಿಕಿತ್ಸೆ ಮಾಡಿಸಿಕೊಳ್ಳಬೇಡಿ.

3. ಗಡಿಯಾರ ನೋಡಿ ಮಾತ್ರೆ

ಸೀಲಿಯಾಕ್ ಇರುವವರ ಮಾತ್ರೆ ಡಬ್ಬದಲ್ಲಿ ಸಾಮಾನ್ಯವಾಗಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಇರುತ್ತವೆ. ಇನ್ನು ಕಿಡ್ನಿ ಸೋಂಕಿಗೆ ಬರೆಯುವ ಔಷಧಿಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಎಂಬ ಜಾತಿಯವು ಇವೆ. ಇವನ್ನು ಕಬ್ಬಿಣ, ಕ್ಯಾಲ್ಸಿಯಂ, ಸತು ಅಥವಾ ಗ್ಯಾಸ್‌ಗೆ ಕುಡಿಯುವ ಆಂಟಾಸಿಡ್ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಅವಕ್ಕೆ ಅಂಟಿಕೊಳ್ಳುತ್ತವೆ. ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದೇ ಇಲ್ಲ. ಕೋರ್ಸ್ ಪೂರ್ತಿ ಮುಗಿಸಿದ್ದೇವೆ ಎಂದು ನಾವು ಅಂದುಕೊಂಡಿರುತ್ತೇವೆ, ಸೋಂಕು ಅಲ್ಲೇ ಇರುತ್ತದೆ. ನನ್ನ ಎರಡನೇ ಸಲದ ಜ್ವರದಲ್ಲಿ ಹೀಗೇ ಆಗಿತ್ತು. ಬೆಳಿಗ್ಗೆ ತಿಂಡಿ ಆದ ಮೇಲೆ ನಾಲ್ಕೂ ಮಾತ್ರೆ ಒಂದೇ ಲೋಟ ಹಾಲಿನಲ್ಲಿ! ಹಾಲು, ಮೊಸರು ಕೂಡ ಇದೇ ತೊಂದರೆ ಕೊಡುತ್ತವೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಿಪ್ರೊಫ್ಲಾಕ್ಸಾಸಿನ್ ನುಂಗಿ ಎರಡು ಗಂಟೆಯಾದ ಮೇಲೆ ಕಬ್ಬಿಣ, ಕ್ಯಾಲ್ಸಿಯಂ ತೆಗೆದುಕೊಳ್ಳಬಹುದು. ಅವನ್ನೇ ಮೊದಲು ನುಂಗಿದ್ದರೆ ಆರು ಗಂಟೆ ಬಿಡಬೇಕು. ಇದಕ್ಕಿಂತ ಸುಲಭದ ದಾರಿ, ಕೋರ್ಸ್ ಮುಗಿಯುವವರೆಗೆ ಕಬ್ಬಿಣ, ಕ್ಯಾಲ್ಸಿಯಂ ನಿಲ್ಲಿಸಬಹುದೇ ಎಂದು ಡಾಕ್ಟರನ್ನೇ ಕೇಳುವುದು. ಬೇರೆ ಜಾತಿಯ ಆಂಟಿಬಯೋಟಿಕ್ ಆದರೆ ನಿಯಮ ಬೇರೆ. ಹಾಗಾಗಿ ಡಬ್ಬವನ್ನೇ ಹಿಡಿದುಕೊಂಡು ಹೋಗಿ ತೋರಿಸಿ.

ಇನ್ನೊಂದು ಮಾತ್ರೆ ನೈಟ್ರೊಫ್ಯುರಾಂಟಾಯಿನ್. ಮೂತ್ರಕೋಶದ ಸೋಂಕಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಡ್ನಿಗೆ ಏರಿದ ಸೋಂಕಿಗೆ ಸಾಲುವುದಿಲ್ಲ. ಹೋದ ಸಲ ಇದರಲ್ಲೇ ವಾಸಿಯಾಗಿತ್ತು ಎಂದು ಚಳಿಜ್ವರಕ್ಕೂ ಅದನ್ನೇ ನುಂಗುತ್ತಾ ಕೂತರೆ ದಿನ ಕಳೆಯುತ್ತದೆ ಅಷ್ಟೆ.

ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ನೀವೇ ತೆಗೆದುಕೊಳ್ಳಬೇಡಿ. ಸೋಂಕಿನಿಂದ ಸೋತ ಕಿಡ್ನಿಗೆ ಅವು ಇನ್ನೊಂದು ಹೊಡೆತ. ಪ್ಯಾರಸಿಟಮಾಲ್ ಸಾಕು. ಮಾತ್ರೆಗಳಲ್ಲಿ ಹಿಟ್ಟಿನಂತೆ ಬಳಸುವ ಪಿಷ್ಟ ಹೆಚ್ಚಾಗಿ ಮೆಕ್ಕೆಜೋಳದ್ದು, ಅಪರೂಪಕ್ಕೆ ಗೋಧಿಯದ್ದು ಇರುತ್ತದೆ. ಅಂಗಡಿಯವರನ್ನು ಒಂದು ಮಾತು ಕೇಳಿ. ಇದೊಂದು ಭಯಕ್ಕೆ ಮಾತ್ರ ಆಂಟಿಬಯೋಟಿಕ್ ತಪ್ಪಿಸಬೇಡಿ.

ಔಷಧಿ ಶುರುವಾಗಿ ಎರಡು ಮೂರು ದಿನವಾದರೂ ಜ್ವರ ಇಳಿಯದಿದ್ದರೆ ಮತ್ತೆ ಹೋಗಿ. ಕಲ್ಲು ಅಡ್ಡ ಕೂತಿದೆಯೇ, ಕೀವು ಕಟ್ಟಿದೆಯೇ ಎಂದು ಸ್ಕ್ಯಾನಿಂಗ್ ಮಾಡಬೇಕಾಗುತ್ತದೆ.

4. ಜ್ವರದ ದಿನಗಳ ಊಟ

ಕಾಯಿಲೆಯವರನ್ನು ನೋಡಲು ಬರುವವರು ಬರಿಗೈಲಿ ಬರುವುದಿಲ್ಲ. ಬ್ರೆಡ್ಡು, ಬಿಸ್ಕತ್ತು, ಬಾರ್ಲಿಯಿಂದ ಮಾಡಿದ ಮಾಲ್ಟ್ ಪುಡಿ ತರುತ್ತಾರೆ. ಮೂರೂ ನಮಗೆ ಆಗದವು. ಆಸ್ಪತ್ರೆಯ ತಿಂಡಿ ಎಂದರೆ ಉಪ್ಪಿಟ್ಟು, ರವೆ ಗಂಜಿ. ಅಡ್ಮಿಟ್ ಆಗುವಾಗಲೇ "ಗೋಧಿ, ರವೆ, ಮೈದಾ, ಶ್ಯಾವಿಗೆ, ಬಾರ್ಲಿ ಕೊಡಬಾರದು" ಎಂದು ಫೈಲಿನ ಮೇಲೆ ಬರೆಸಿ. ಗ್ಲುಟನ್ ಎಂದರೆ ಅಡುಗೆಮನೆಯವರಿಗೆ ಅರ್ಥವಾಗದು. ರವೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಈ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ರಾಗಿಯ ಊರುಗಳು. ರಾಗಿಯಲ್ಲಿ ಗ್ಲುಟನ್ ಇಲ್ಲ. ನವಣೆ, ಸಾಮೆ, ಹಾರಕ, ಊದಲು, ಕೊರಲೆಯಲ್ಲೂ ಇಲ್ಲ. ದಿಲ್ಲಿ ಕಡೆ ರೊಟ್ಟಿ ಬಿಡಬೇಕೆಂದರೆ ಜನ ಕಣ್ಣೀರು ಹಾಕುತ್ತಾರೆ. ನಾವು ಮುದ್ದೆ, ಸೊಪ್ಪಿನ ಸಾರು ಮುಂದಿಟ್ಟುಕೊಂಡರೆ ಬಿಟ್ಟದ್ದು ನೆನಪೂ ಆಗುವುದಿಲ್ಲ. ಜ್ವರದಲ್ಲಿ ಅಕ್ಕಿ ಗಂಜಿ, ರಾಗಿ ಅಂಬಲಿ, ಇಡ್ಲಿ ಸಾಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಕ್ಕಿ ಉದ್ದಿನದು, ತಿನ್ನಬಹುದು. ರವೆ ಇಡ್ಲಿ ಆಗದು. ಹೋಟೆಲ್ ಸಾಂಬಾರಿನಲ್ಲಿ ಇಂಗು ಇರುತ್ತದೆ, ಆ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಇಂಗಿನ ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಓದಿ ನೋಡಿ.

ಆಂಟಿಬಯೋಟಿಕ್‌ನಿಂದಲೂ ಭೇದಿಯಾಗುತ್ತದೆ. ಗೋಧಿ ಎಲ್ಲಿಂದ ಬಂತು ಎಂದು ಮನೆಯವರನ್ನು ಬೈಯುವ ಮುಂಚೆ ಅದನ್ನು ನೆನಪಿಡಿ. (ನಾನು ಬೈದಾಗಿತ್ತು.) ಭೇದಿ ಜೋರಾಗಿದ್ದರೆ, ರಕ್ತ ಕಂಡರೆ ಡಾಕ್ಟರಿಗೆ ಹೇಳಿ.

5. ಮತ್ತೆ ಯಾಕೆ ಬಂತು?

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷಕ್ಕೆ ಮೂರು ಸಲ ಮೂತ್ರದ ಸೋಂಕು ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಆಗ ಕಾರಣ ಹುಡುಕಬೇಕು.

ಮೊದಲು ಕಲ್ಲು. ಸೀಲಿಯಾಕ್ ಹತೋಟಿಯಲ್ಲಿಲ್ಲದಿದ್ದರೆ ಕೊಬ್ಬು ಜೀರ್ಣವಾಗದೆ ಕರುಳಿನಲ್ಲೇ ಉಳಿಯುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಆ ಕ್ಯಾಲ್ಸಿಯಂ ಕಟ್ಟಿಹಾಕಬೇಕಿದ್ದ ಆಕ್ಸಲೇಟ್ (ಸೊಪ್ಪು, ತರಕಾರಿಯಲ್ಲಿರುವ ಒಂದು ಅಂಶ) ಬಿಡಿಯಾಗಿ ರಕ್ತಕ್ಕೆ ಸೇರಿ, ಕಿಡ್ನಿಗೆ ಬಂದು ಕಲ್ಲಾಗುತ್ತದೆ. ಕಲ್ಲಿನ ಸಂದಿಯಲ್ಲಿ ರೋಗಾಣು ಅಡಗಿದರೆ ಯಾವ ಮಾತ್ರೆಗೂ ಪೂರ್ತಿ ಸಿಗುವುದಿಲ್ಲ. ಅಂದರೆ ಗೋಧಿ ಬಿಡುವುದು ಕಿಡ್ನಿಗೂ ಬೇಕಾದ ಪಥ್ಯ.

ಆಕ್ಸಲೇಟ್ ಕಲ್ಲು ಎಂದು ಗೊತ್ತಾದವರಿಗೆ ಒಂದು ಕಹಿ ಸುದ್ದಿ. ಪಾಲಕ್, ದಂಟಿನ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ. ಬೇಯಿಸಿದಾಗ ಅದರಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ಬಸಿದ ನೀರೇ ತಾನೆ ನಮ್ಮ ಬಸ್ಸಾರು! ನೀರು ಚೆಲ್ಲಿ, ಪಲ್ಯ ಮಾತ್ರ ತಿನ್ನಿ, ಜೊತೆಗೆ ಮೊಸರು ಇರಲಿ. ಮೊಸರಿನ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ಅದೇ ಮೊಸರು ಮಾತ್ರೆಯ ಹೊತ್ತಿಗೆ ಬೇಡ, ಊಟದ ಹೊತ್ತಿಗೆ ಬೇಕು.

ಎರಡನೆಯದು ಸಕ್ಕರೆ ಕಾಯಿಲೆ. ಟೈಪ್ 1 ಡಯಾಬಿಟಿಸ್ ಮತ್ತು ಸೀಲಿಯಾಕ್ ಒಬ್ಬರಲ್ಲೇ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಸಕ್ಕರೆ ಏರಿದರೆ ಸೋಂಕು ಸುಲಭವಾಗಿ ಬರುತ್ತದೆ. ಐಜಿಎ ಎಂಬ ರಕ್ಷಣಾ ಪ್ರೋಟೀನ್ ಕೊರತೆಯೂ ಸೀಲಿಯಾಕ್ ಇರುವವರಲ್ಲಿ ಹೆಚ್ಚು. ಅದು ಕಡಿಮೆ ಇದ್ದರೆ ಸೀಲಿಯಾಕ್‌ನ ಟಿಟಿಜಿ ರಕ್ತ ಪರೀಕ್ಷೆ ಸುಳ್ಳು ನೆಮ್ಮದಿ ಕೊಡಬಹುದು. ಒಟ್ಟು ಐಜಿಎ ಒಮ್ಮೆಯಾದರೂ ಅಳೆಸಿ. ಮುಟ್ಟು ನಿಂತ ಹೆಂಗಸರಿಗೆ ಸೋಂಕು ಮರುಕಳಿಸಿದರೆ ಯೋನಿಯೊಳಗೆ ಹಚ್ಚಿಕೊಳ್ಳುವ ಈಸ್ಟ್ರೊಜನ್ ಕ್ರೀಮ್ ಸಹಾಯ ಮಾಡುತ್ತದೆ. ಕೇಳಲು ನಾಚಿಕೆ ಬೇಡ.

ಸೀಲಿಯಾಕ್ ಇದೆ ಎಂಬ ಅನುಮಾನ ಮಾತ್ರ ಇದ್ದು, ಪರೀಕ್ಷೆ ಇನ್ನೂ ಆಗಿಲ್ಲವೇ? ಹಾಗಾದರೆ ಈಗಲೇ ಗೋಧಿ ಬಿಡಬೇಡಿ. ಬಿಟ್ಟರೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎರಡೂ ದಾರಿ ತಪ್ಪುತ್ತವೆ.

6. ನೀರು ಮತ್ತು ಬಸ್ಸು

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಇಷ್ಟ. ನೀರು ಕಡಿಮೆ ಕುಡಿಯುವ, ಪದೇ ಪದೇ ಮೂತ್ರಕೋಶದ ಸೋಂಕು ಬರುವ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ 1.5 ಲೀಟರ್ ಹೆಚ್ಚು ನೀರು ಕುಡಿಸಿದರು. ವರ್ಷ ಕಳೆಯುವಾಗ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದಿತ್ತು. ಉಳಿದವರಿಗೆ 3.2 ಸಲ. ಬರೀ ನೀರು!

ನಮ್ಮಲ್ಲಿ ನೀರು ಕುಡಿಯದಿರಲು ಕಾರಣ ಸೋಮಾರಿತನವಲ್ಲ. ತುಮಕೂರಿನಿಂದ ಬೆಂಗಳೂರಿಗೆ ದಿನಾ ಓಡಾಡುವ ಹೆಂಗಸರನ್ನು ಕೇಳಿ. ಬಸ್ಸು ಎಲ್ಲೂ ನಿಲ್ಲುವುದಿಲ್ಲ, ಇಳಿದ ಕಡೆ ಶೌಚಾಲಯ ನೋಡುವ ಹಾಗಿರುವುದಿಲ್ಲ ಎಂದು ಬೆಳಿಗ್ಗೆಯಿಂದ ಬಾಯಿ ಒಣಗಿಸಿಕೊಂಡು ಕೂರುತ್ತಾರೆ. ನನ್ನ ಲೆಕ್ಕ ಹೀಗಿದೆ: ಎದ್ದ ಕೂಡಲೇ ಎರಡು ಲೋಟ, ಬಸ್ಸು ಹತ್ತುವ ಮುಂಚೆ ಶೌಚಾಲಯ, ಆಫೀಸು ತಲುಪಿದ ಮೇಲೆ ಮತ್ತೆ ಶುರು, ಮೂರು ಗಂಟೆಗೊಮ್ಮೆ ಎದ್ದು ಹೋಗುವುದು. ಬಾರ್ಲಿ ನೀರಿನ ಬದಲು ನೀರುಮಜ್ಜಿಗೆ, ಜೀರಿಗೆ ನೀರು, ಎಳನೀರು ಇವೆ. ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸೋತಾಗ ಹೊರಹೋಗದೆ ಉಳಿಯುವ ಕಸ) ಏರಿದವರು, ಹೃದಯದ ತೊಂದರೆ ಇರುವವರು ಮಾತ್ರ ಎಷ್ಟು ನೀರು, ಎಳನೀರು ಕುಡಿಯಬಹುದೇ ಎಂದು ಡಾಕ್ಟರನ್ನು ಕೇಳಿಕೊಳ್ಳಬೇಕು.

7. ಹಿಟ್ಟಿನ ಮಿಲ್ಲು

ಎಲ್ಲ ಬಿಟ್ಟರೂ ಟಿಟಿಜಿ ಇಳಿಯುತ್ತಿಲ್ಲವೇ? ಮಿಲ್ಲಿಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಬೀಳುತ್ತಿದ್ದರೆ, ಹಿಂದಿನವರ ಗೋಧಿ ಹಿಟ್ಟು ನಿಮ್ಮ ಡಬ್ಬದಲ್ಲಿ ಬರುತ್ತದೆ. ರಾಗಿಗೇ ಬೇರೆ ಯಂತ್ರ ಇರುವ ಮಿಲ್ಲು ಹುಡುಕಿ. ಸಿಗದಿದ್ದರೆ ಮನೆಯಲ್ಲೇ ಬೀಸುವ ಸಣ್ಣ ಯಂತ್ರ ಕೊಳ್ಳಿ. ದುಬಾರಿ ನಿಜ, ಆದರೆ ಒಂದು ಸಲ ಅಡ್ಮಿಟ್ ಆಗುವ ಖರ್ಚಿನ ಪಕ್ಕ ಇಟ್ಟು ನೋಡಿ. ಪ್ಯಾಕೆಟ್ ಹಿಟ್ಟಾದರೆ ಗ್ಲುಟನ್ ಫ್ರೀ ಎಂದು ಬರೆದಿರಬೇಕು. ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇದ್ದರೆ ನಮ್ಮ ದೇಶದಲ್ಲಿ ಹಾಗೆ ಬರೆಯುವಂತಿಲ್ಲ.

ಮದುವೆಮನೆಯ ಒಬ್ಬಟ್ಟು, ಸತ್ಯನಾರಾಯಣ ಪೂಜೆಯ ಸಜ್ಜಿಗೆ ಪ್ರಸಾದ ಇವೆರಡಕ್ಕೆ ನನ್ನ ಹತ್ತಿರ ಇನ್ನೂ ಒಳ್ಳೆಯ ಉತ್ತರವಿಲ್ಲ. ಕಣ್ಣಿಗೆ ಒತ್ತಿಕೊಂಡು ಗಂಡನ ಕೈಗೆ ಕೊಡುತ್ತೇನೆ.

ಕೊನೆಗೆ, ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಸೀಲಿಯಾಕ್ ಇದೆ, ಹೋದ ಕಲ್ಚರ್‌ನಲ್ಲಿ ಯಾವ ರೋಗಾಣು ಬಂತು, ಯಾವ ಔಷಧಿ ಕೆಲಸ ಮಾಡಿತು, ಯಾವುದು ಮೈಗೆ ಆಗುವುದಿಲ್ಲ, ಕ್ರಿಯೇಟಿನಿನ್ ಎಷ್ಟು. ರಾತ್ರಿ ಎರಡು ಗಂಟೆಗೆ ಚಳಿಯಲ್ಲಿ ನಡುಗುವಾಗ ಇದೆಲ್ಲ ಬಾಯಿಗೆ ಬರುವುದಿಲ್ಲ. ನನ್ನದರ ಇನ್ನೊಂದು ಪ್ರತಿ ಪಕ್ಕದ ಮನೆಯಲ್ಲಿದೆ. ಅಜ್ಜಿ ಈಗಲೂ ಚೊಂಬು ಹಿಡಿದುಕೊಂಡೇ ಬರುತ್ತಾರೆ. ಅದರಲ್ಲಿ ಮಜ್ಜಿಗೆ ಇರುತ್ತದೆ. ಬಾಗಿಲಲ್ಲೇ ನಿಂತು, "ಇಂಗು ಹಾಕಿಲ್ಲ ಕಣಮ್ಮ" ಎನ್ನುತ್ತಾರೆ.