ಸೀಟಿ ನನ್ನದು, ದಳ ಹುಡುಗರದು

ನಾನು ಶಾಲೆಯ ಮೇಷ್ಟ್ರಲ್ಲ. ವಾರವೆಲ್ಲ ಕಚೇರಿಯಲ್ಲಿ ಲೆಕ್ಕ ನೋಡುವವನು, ಭಾನುವಾರ ಬೆಳಿಗ್ಗೆ ಮಾತ್ರ ಸ್ಕೌಟ್ ಮಾಸ್ಟರ್. ನಮ್ಮದು ಯಾವ ಶಾಲೆಗೂ ಸೇರದ ಓಪನ್ ಟ್ರೂಪ್, ಅಂದರೆ ಸ್ವತಂತ್ರ ಸ್ಕೌಟ್ ದಳ. ಬಡಾವಣೆಯ ಹುಡುಗರೂ ಪಕ್ಕದ ಹಳ್ಳಿಗಳ ಹುಡುಗರೂ ಬರುತ್ತಾರೆ. ತಾವೂ ಈ ಕೆಲಸಕ್ಕೆ ಬರಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಹುಡುಗರನ್ನ ಹೇಗೆ ಸಂಭಾಳಿಸ್ತೀರಿ ಸಾರ್?" ನಾನು ಸಂಭಾಳಿಸುವುದಿಲ್ಲ. ಪಟ್ರೋಲ್ ಲೀಡರ್‌ಗಳು, ಅಂದರೆ ಹುಡುಗರ ಚಿಕ್ಕ ಗುಂಪುಗಳ ನಾಯಕರು, ಸಂಭಾಳಿಸುತ್ತಾರೆ.

ಸ್ಕೌಟಿಂಗ್ ಶುರುಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗಲೇ ಹುಡುಗರನ್ನು ನಾಲ್ಕು ಪಟ್ರೋಲ್‌ಗಳಾಗಿ ಹಂಚಿದ್ದರು. ಇವತ್ತಿಗೂ ಅದೇ ಕ್ರಮ. ಆರರಿಂದ ಎಂಟು ಹುಡುಗರ ಗುಂಪು, ಅದಕ್ಕೊಂದು ಪ್ರಾಣಿಯದೋ ಹಕ್ಕಿಯದೋ ಹೆಸರು, ಅವರಲ್ಲೇ ಒಬ್ಬ ಲೀಡರ್. ಆ ಲೀಡರ್‌ಗೆ ನಿಜವಾದ ಅಧಿಕಾರ ಕೊಟ್ಟರೆ ದಳ ನಡೆಯುತ್ತದೆ. ಕೊಡದೇ ಹೋದರೆ ಸ್ಕಾರ್ಫ್ ಕಟ್ಟಿಕೊಂಡ ಡ್ರಿಲ್ ಕ್ಲಾಸ್ ಆಗುತ್ತದೆ, ಅಷ್ಟೇ.

ಸ್ಕೌಟ್ ಮಾಸ್ಟರ್ ಆಗುವವರ ಏಳು ದಿನದ ಬೇಸಿಕ್ ಕೋರ್ಸ್‌ಗೆ ನಾನು ಹೋಗಿದ್ದು ದೊಡ್ಡಬಳ್ಳಾಪುರದ ಆ್ಯನಿ ಬೆಸೆಂಟ್ ಪಾರ್ಕ್‌ಗೆ. ಆ ಹೆಸರಿಗೆ ಕಾರಣ ಇದೆ. ದೇಶದ ಮೊದಲ ಸ್ಕೌಟ್ ದಳ 1909ರಲ್ಲಿ ನಮ್ಮ ಬೆಂಗಳೂರಲ್ಲೇ ಶುರುವಾಯಿತು, ಆದರೆ ಆಗ ಭಾರತೀಯ ಮಕ್ಕಳಿಗೆ ಅದರೊಳಗೆ ಜಾಗ ಇರಲಿಲ್ಲ. ನಮ್ಮ ಮಕ್ಕಳಿಗಾಗಿ ಪ್ರತ್ಯೇಕ ಸಂಸ್ಥೆ ಕಟ್ಟಿದವರಲ್ಲಿ ಬೆಸೆಂಟ್ ಒಬ್ಬರು. ಹೊಸ ಹುಡುಗರಿಗೆ ಇದನ್ನು ನಾನು ಹೇಳಿಯೇ ಹೇಳುತ್ತೇನೆ. ನಮ್ಮವರನ್ನು ಹೊರಗೆ ನಿಲ್ಲಿಸಿದ್ದ ಬಾಗಿಲನ್ನು ಯಾರೋ ತೆಗೆಸಿದ್ದಾರೆ ಅಂತ ಅವರಿಗೆ ಗೊತ್ತಿರಬೇಕು. ಕೋರ್ಸ್‌ನಲ್ಲಿ ನಮ್ಮನ್ನೂ ಪಟ್ರೋಲ್‌ಗಳಾಗಿ ಮಾಡಿ ಕೆಲಸ ಹಂಚಿದ್ದರು. ಬರೀ ಮಾತಲ್ಲಿ ಕಲಿಸುವುದಕ್ಕಿಂತ ಹಾಗೆ ಮಾಡಿಸಿ ತೋರಿಸಿದ್ದು ಜಾಸ್ತಿ ತಲೆಗೆ ಹತ್ತಿತು.

ಮೈದಾನದಲ್ಲಿ ನಾನು ಹೆಚ್ಚು ಊದುವುದು ಒಂದೇ ಸೀಟಿ: ಮೂರು ಚಿಕ್ಕದು, ಒಂದು ಉದ್ದ. ಅಂದರೆ ಪಟ್ರೋಲ್ ಲೀಡರ್‌ಗಳು ಮಾತ್ರ ಬನ್ನಿ ಅಂತ. ಅವರು ಓಡಿ ಬರುತ್ತಾರೆ, ಆ ದಿನದ ಕೆಲಸ ಹೇಳುತ್ತೇನೆ, ಅವರು ವಾಪಸ್ ಹೋಗಿ ತಮ್ಮವರಿಗೆ ಹೇಳುತ್ತಾರೆ. ನಾನೇ ಎಲ್ಲರನ್ನೂ ಸಾಲು ನಿಲ್ಲಿಸಿ ಕೂಗಿ ಹೇಳಿದರೆ ಕೆಲಸ ಬೇಗ ಆಗುತ್ತೆ, ನಿಜ. ಆದರೆ ಹೇಳುವ ಅಭ್ಯಾಸ ಅವರಿಗೆ ಯಾವಾಗ ಆಗಬೇಕು?

ಗಂಟುಗಳ ವಿಷಯಕ್ಕೆ ಬಂದರೆ, ಎರಡು ತುದಿಗಳನ್ನು ಸೇರಿಸಿ ಕಟ್ಟುವ ರೀಫ್ ನಾಟ್ ಅನ್ನು "ಬಲ ಎಡದ ಮೇಲೆ, ಎಡ ಬಲದ ಮೇಲೆ" ಅಂತ ಹೇಳಿಸುತ್ತಾ ಕಟ್ಟಿಸುತ್ತೇವೆ. ಅದು ಚಪ್ಪಟೆಯಾಗಿ ಕೂರುತ್ತದೆ, ಬ್ಯಾಂಡೇಜ್‌ಗೆ ಹಾಕಿದರೆ ಒತ್ತುವುದಿಲ್ಲ. ಎರಡೂ ಸಲ ಒಂದೇ ಕಡೆ ಸುತ್ತಿದರೆ ಗಂಟು ಅಡ್ಡ ತಿರುಗಿ, ಎಳೆದಾಗ ಜಾರುತ್ತದೆ. ಮುಂದೆ ಕ್ಲೋವ್ ಹಿಚ್, ಹಗ್ಗವನ್ನು ಕಂಬಕ್ಕೆ ಬಿಗಿಯುವ ಗಂಟು. ಇದನ್ನು ಚಿತ್ರ ಬರೆದು ತೋರಿಸುವಾಗ ಹಿಂದಿನ ಸಾಲಿನ ಹುಡುಗನೊಬ್ಬ, "ಇದು ನಾವು ಗೂಟಕ್ಕೆ ಹಸು ಕಟ್ಟೋದು ಅಲ್ವಾ ಸಾರ್?" ಅಂದ. ಹಳ್ಳಿಯಿಂದ ಬರುವ, ಬಾಯಿ ಬಿಡದ ಹುಡುಗ. ಹಗ್ಗ ಅವನ ಕೈಗೇ ಕೊಟ್ಟೆ. ಕಣ್ಣು ಎತ್ತದೆ, ಕಂಬಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಕೆಳಗಿಂದ ತೂರಿಸಿ ಎಳೆದ. ಆಮೇಲೆ ಅವನೇ ಪಟ್ರೋಲ್‌ಗೆಲ್ಲ ಕಲಿಸಿದ. ಲೀಡರ್ ಆಯ್ಕೆ ಬಂದಾಗ ಹುಡುಗರು ಅವನ ಹೆಸರನ್ನೇ ಹೇಳಿದರು.

ಇನ್ನು ಕೋರ್ಟ್ ಆಫ್ ಆನರ್. ಲೀಡರ್‌ಗಳು ಸೇರುವ ಸಭೆ ಇದು. ನಾನು ಪಕ್ಕದಲ್ಲಿ ಕೂತಿರುತ್ತೇನೆ, ಕೇಳಿದರೆ ಮಾತ್ರ ಮಾತು. ಒಮ್ಮೆ ಯೂನಿಫಾರ್ಮ್ ಹೊಲಿಸಲು ಆಗದೆ ಇಬ್ಬರು ಬರುವುದನ್ನೇ ನಿಲ್ಲಿಸುವ ಹಾಗಾಯಿತು. ಸಭೆ ತೀರ್ಮಾನ ಮಾಡಿತು: ಪ್ರತಿಜ್ಞೆ ತೆಗೆದುಕೊಳ್ಳುವ ಎಲ್ಲರಿಗೂ ಸ್ಕಾರ್ಫ್ ದಳದ ಹಣದಿಂದ. ಶರ್ಟು ಚಿಕ್ಕದಾದವರು ತೊಳೆದು, ಇಸ್ತ್ರಿ ಮಾಡಿ ದಳಕ್ಕೆ ಕೊಡಬೇಕು. ಯಾರ ಶರ್ಟು ಯಾರಿಗೆ ಹೋಯಿತು ಅಂತ ಯಾರೂ ಹೇಳಬಾರದು. ಈ ಕೊನೆಯ ಮಾತು ನನಗೆ ಹೊಳೆಯುತ್ತಿರಲಿಲ್ಲ. ಹದಿಮೂರು, ಹದಿನಾಲ್ಕರ ಹುಡುಗರಿಗೆ ಹೊಳೆಯಿತು.

ಹಾಗಂತ ದೊಡ್ಡವರಿಗೆ ಕೆಲಸ ಇಲ್ಲ ಅಂತಲ್ಲ. ಹುಡುಗರ ಮೇಲೆ ಹಾಕಬಾರದ ಕೆಲಸಗಳಿವೆ, ಅಲ್ಲಿ ನಾನು ರಾಜಿ ಆಗುವುದೇ ಇಲ್ಲ. ಶಿಬಿರದ ಜಾಗವನ್ನು ಮೊದಲೇ ಹೋಗಿ ನೋಡಬೇಕು. ಕೆರೆ, ಬಾವಿ ಎಲ್ಲಿದೆ, ಆಸ್ಪತ್ರೆ ಎಷ್ಟು ದೂರ, ಮೊಬೈಲ್ ಸಿಗ್ನಲ್ ಸಿಗುತ್ತಾ, ಎಲ್ಲ. ಅಪ್ಪ ಅಮ್ಮನ ಒಪ್ಪಿಗೆ ಬರವಣಿಗೆಯಲ್ಲೇ ಬೇಕು. ಯಾರಿಗೆ ಉಬ್ಬಸ, ಯಾರಿಗೆ ಯಾವ ಅಲರ್ಜಿ ಅನ್ನುವ ಪಟ್ಟಿ ಜೇಬಿನಲ್ಲಿರಬೇಕು. ಜೊತೆಗೆ ಇನ್ನೊಬ್ಬ ದೊಡ್ಡವರು ಇದ್ದೇ ಇರಬೇಕು. ಒಂದು ಮಗುವಿನ ಜೊತೆ ಒಬ್ಬರೇ ದೊಡ್ಡವರು ಮರೆಯಲ್ಲಿ ಇರುವ ಸಂದರ್ಭ ಬರಲೇಬಾರದು. ಖರ್ಚಿನ ಪುಸ್ತಕ ಯಾವ ಪೋಷಕರು ಕೇಳಿದರೂ ತೋರಿಸುತ್ತೇನೆ.

ಸೇರಬೇಕು ಅನ್ನುವವರು ನಿಮ್ಮ ಜಿಲ್ಲೆಯ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯಲ್ಲಿ ವಿಚಾರಿಸಿ. ಮೊದಲು ಯಾವುದಾದರೂ ದಳಕ್ಕೆ ಸಹಾಯಕರಾಗಿ ಸುಮ್ನೆ ಹೋಗಿ ಬನ್ನಿ, ಆಮೇಲೆ ಬೇಸಿಕ್ ಕೋರ್ಸ್ ಮಾಡಿ. ನಮ್ಮ ಹುಡುಗರು ಮುಂದಿನ ಶಿಬಿರದಲ್ಲಿ ರಾಗಿ ಮುದ್ದೆ ಮಾಡುತ್ತೇವೆ ಅಂತ ತೀರ್ಮಾನ ಮಾಡಿದ್ದಾರೆ. ಹಿಟ್ಟು ಎಷ್ಟು, ನೀರು ಎಷ್ಟು ಅಂತ ಮನೆಯಲ್ಲಿ ಅಮ್ಮಂದಿರನ್ನು ಕೇಳಿ ಬರೆದುಕೊಂಡು ಬರುವ ಕೆಲಸ ಈ ವಾರ ಲೀಡರ್‌ಗಳದ್ದು.