ಬಿಲ್ಟಿ ನೋಡಿ ವಿಆರ್‌ಎಲ್ ಷೇರು ಕೊಂಡೆ: ನನ್ನ ಅನುಭವ

ಸರಕು ಕಡಿಮೆ ಆಗುತ್ತಿರುವ ಟ್ರಾನ್ಸ್‌ಪೋರ್ಟ್ ಕಂಪನಿಯ ಷೇರು ಯಾರಾದರೂ ಕೊಳ್ಳುತ್ತಾರಾ? 2025ರ ಶುರುವಿನಲ್ಲಿ ಇಳಕಲ್ ಪೇಟೆಯಲ್ಲಿ ಷೇರು ಮಾಡುವವರೆಲ್ಲ ನನ್ನನ್ನು ಕೇಳಿದ್ದು ಇದನ್ನೇ. ಬಾಗಲಕೋಟೆಯ ನನ್ನ ಬ್ರೋಕರ್ ಅಂತೂ ಫೋನ್ ಮಾಡಿ, "ಇನ್ನೂ ಹಾಕ್ತೀರಾ?" ಅಂದ. ಇನ್ನೂ ಹಾಕಿದೆ. ಆಮೇಲೆ ವಿಆರ್‌ಎಲ್ ಷೇರು ಏರಿದ್ದು ಪೇಟೆಗೆಲ್ಲ ಗೊತ್ತು, ಆದರೆ ನಾನು ಯಾಕೆ ಹಾಕಿದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ.

ನನ್ನದು ಸೀರೆ ವ್ಯಾಪಾರ. ವಾರಕ್ಕೆ ಕೆಲವು ಗಂಟು ವಿಆರ್‌ಎಲ್ ಲಾರಿಯಲ್ಲಿ ಪುಣೆ, ಸೊಲ್ಲಾಪುರ, ಹುಬ್ಬಳ್ಳಿಗೆ ಹೋಗುತ್ತವೆ. ಸರಕು ಹಾಕಿದಾಗ ಟ್ರಾನ್ಸ್‌ಪೋರ್ಟ್‌ನವರು ಕೊಡುವ ರಸೀದಿ, ಅಂದರೆ ಬಿಲ್ಟಿಗಳನ್ನು ನಾನು ಬಿಸಾಡುವುದಿಲ್ಲ, ಊರಿನ ಪ್ರಕಾರ ಫೈಲ್ ಮಾಡಿ ಇಡುತ್ತೇನೆ. ಮೊದಲು ಇಟ್ಟಿದ್ದು ಜಿಎಸ್‌ಟಿ ಲೆಕ್ಕಕ್ಕೆ. ಅದೇ ಫೈಲ್‌ನಿಂದ ಕಂಪನಿಯ ಮುಂದಿನ ತ್ರೈಮಾಸಿಕದ ಲಾಭ ಅಂದಾಜು ಮಾಡಬಹುದು ಅಂತ ಹೊಳೆದದ್ದು ಆಮೇಲೆ.

ಮಾಡುವುದು ಇಷ್ಟೇ. ಅದೇ ಊರು, ಅದೇ ತೂಕದ ಗಂಟು, ಹೋದ ವರ್ಷದ ಬಿಲ್ಟಿ ಮತ್ತು ಈ ವರ್ಷದ ಬಿಲ್ಟಿ ಪಕ್ಕಪಕ್ಕ ಇಡುತ್ತೇನೆ. ಒಟ್ಟು ಮೊತ್ತ ನೋಡಿದರೆ ಪ್ರಯೋಜನವಿಲ್ಲ. ಹಮಾಲಿ, ಡೋರ್ ಡೆಲಿವರಿ, ಜಿಎಸ್‌ಟಿ ಎಲ್ಲ ತೆಗೆದು ಬರೀ ಫ್ರೇಟ್, ಅಂದರೆ ಸಾಗಣೆಯ ಬಾಡಿಗೆ ಉಳಿಸಬೇಕು. ಅದನ್ನು ನಿಜವಾದ ತೂಕದಿಂದ ಅಲ್ಲ, ಚಾರ್ಜ್ಡ್ ವೇಟ್‌ನಿಂದ, ಅಂದರೆ ಕಂಪನಿ ಬಾಡಿಗೆ ಹಾಕಲು ಹಿಡಿದ ತೂಕದಿಂದ ಭಾಗಿಸಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಗಂಟು 42 ಕೆಜಿ ಇದ್ದರೂ ಬಿಲ್ಟಿಯಲ್ಲಿ 50 ಅಂತ ಇರಬಹುದು. ಬಿಲ್ಟಿಯಲ್ಲಿ ನಾನು ನೋಡುವ ಇನ್ನೊಂದು ಕಾಲಂ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಬಿಲ್ಟಿ ಇಟ್ಟುಕೊಂಡವರಿಗೆ ತಾನಾಗಿಯೇ ಕಾಣುತ್ತದೆ.

2024ರ ಮಳೆಗಾಲದಲ್ಲಿ ಕಂಪನಿ ದರ ಏರಿಸಿತು. ನನ್ನ ಫೈಲ್‌ನಲ್ಲಿ ಕೆಜಿ ದರ ಸುಮಾರು 15% ಮೇಲೆ ಹೋಗಿತ್ತು. ಪೇಟೆಯಲ್ಲಿ ಎಲ್ಲರೂ ಗೊಣಗಿದರು, ಬೇರೆ ಟ್ರಾನ್ಸ್‌ಪೋರ್ಟ್ ನೋಡುತ್ತೇವೆ ಅಂದರು. ಕೆಲವರು ನೋಡಿಯೂ ನೋಡಿದರು. ನಾನೂ ಒಂದು ಸಣ್ಣ ಟ್ರಾನ್ಸ್‌ಪೋರ್ಟ್‌ನಲ್ಲಿ ಎರಡು ಗಂಟು ಕಳಿಸಿದೆ. ಒಂದು ಗಂಟು ಪುಣೆಗೆ ನೆಂದು ಹೋಯಿತು. ಒಳಗಿದ್ದದ್ದು ರೇಷ್ಮೆ ಸೆರಗಿನ ಸೀರೆ, ಬಣ್ಣ ಬಿಟ್ಟು ಮೈಗೆಲ್ಲ ಹತ್ತಿಕೊಂಡಿತ್ತು. ಹದಿನೈದು ಸಾವಿರದ ಹತ್ತಿರ ಕೈಬಿಟ್ಟಿತು. ಹಣ ಹೋದದ್ದಕ್ಕೆ ಬೇಜಾರಿದೆ, ಆದರೆ ನನಗೆ ಬೇಕಿದ್ದ ಉತ್ತರ ಸಿಕ್ಕಿತು. ಬೆಲೆಬಾಳುವ ಸರಕಿನವರು ತಿರುಗಿ ಬರುತ್ತಾರೆ. ತಿರುಗಿ ಬರದವರು ಕಡಿಮೆ ದರದ ಭಾರದ ಸರಕಿನವರು. ಅವರು ಹೋದರೆ ಲಾರಿಗೆ ನಷ್ಟವಿಲ್ಲ.

ಇದು ನನ್ನ ಪೂರ್ತಿ ಲೆಕ್ಕಾಚಾರದ ಬುಡ. ಮಿಕ್ಕವರು ಎಷ್ಟು ಟನ್ ಹೋಯಿತು ಅಂತ ನೋಡುತ್ತಿದ್ದರು. ನಾನು ಟನ್ನಿಗೆ ಎಷ್ಟು ಬಂತು ಅಂತ ನೋಡುತ್ತಿದ್ದೆ.

ಮೊದಲ ಕಂತು ಆಗಸ್ಟ್ 2024ರಲ್ಲಿ, 550ರ ಆಸುಪಾಸು, ಒಂದು ಲಕ್ಷದಷ್ಟು. ಆಗ ಯಾರೂ ಈ ಷೇರಿನ ಕಡೆ ನೋಡುವ ಸ್ಥಿತಿ ಇರಲಿಲ್ಲ. 2022-23ರಲ್ಲಿ 320 ಕೋಟಿ ಮೇಲಿದ್ದ ಲಾಭ ಮರುವರ್ಷ 89 ಕೋಟಿಗೆ ಬಂದಿತ್ತು. ಚಾರ್ಟ್ ನೋಡಿದವರು ಹೆದರಿ ಓಡಿದರು. ಆ 320ರಲ್ಲಿ ಬಸ್ ವ್ಯವಹಾರ ಮಾರಿದ ಹಣದ ಲಾಭವೂ ಸೇರಿತ್ತು ಅನ್ನುವುದನ್ನು ಕಂಪನಿಯ ಲಾಭ-ನಷ್ಟದ ಲೆಕ್ಕ ತೆರೆದವರು ಮಾತ್ರ ನೋಡಿದರು. ಜೂನ್ 2024ರ ತ್ರೈಮಾಸಿಕದ ಲಾಭ ಬರೀ 13 ಕೋಟಿ ಚಿಲ್ಲರೆ. ಆದರೆ ದರ ಏರಿದ್ದು ಅದರ ಕೊನೆಗೆ. ಬಿಲ್ಟಿಯಲ್ಲಿ ಕಂಡದ್ದು ಫಲಿತಾಂಶದಲ್ಲಿ ಇನ್ನೂ ಬಂದಿರಲಿಲ್ಲ.

ಸೆಪ್ಟೆಂಬರ್ ತ್ರೈಮಾಸಿಕದಲ್ಲಿ 36 ಕೋಟಿ, ಡಿಸೆಂಬರ್‌ನಲ್ಲಿ 59 ಕೋಟಿ. ನನ್ನ ಫೈಲ್ ಹೇಳಿದ ದಾರಿಯಲ್ಲೇ ಹೋಯಿತು. ಷೇರು ಮಾತ್ರ ಕೆಳಗೆ! ಸೆಪ್ಟೆಂಬರ್‌ನಿಂದ ಇಡೀ ಮಾರುಕಟ್ಟೆ ಬೀಳುತ್ತಿತ್ತಲ್ವಾ, ಇದೂ ಜೊತೆಗೆ ಬಿತ್ತು. ಫೆಬ್ರವರಿ, ಮಾರ್ಚ್‌ನಲ್ಲಿ 500ರ ಕೆಳಗೆ ಸಿಕ್ಕಿತು. ಉಳಿದ ಮೂರು ಲಕ್ಷದಷ್ಟು ಅಲ್ಲೇ ಹಾಕಿದೆ. ಸರಾಸರಿ 490ರ ಹತ್ತಿರ ನಿಂತಿತು. ಆ ಎರಡು ತಿಂಗಳು ಮನೆಯಲ್ಲಿ ಷೇರಿನ ಮಾತೇ ಎತ್ತಲಿಲ್ಲ. ಯುಗಾದಿ ಸೀಸನ್‌ಗೆ ನೂಲು ಕೊಳ್ಳಲು ಇಟ್ಟ ಹಣದಲ್ಲೂ ಸ್ವಲ್ಪ ಇದರಲ್ಲಿ ಇತ್ತು.

ಈ ನಡುವೆ ಬೇರೆ ಬೇರೆ ದಾರಿಯಲ್ಲೂ ನೋಡಿದೆ. ಗದ್ದನಕೇರಿ ಕ್ರಾಸ್‌ನಲ್ಲಿ ಚಹಾ ಅಂಗಡಿ ಮುಂದೆ ಕೂತು ಹುಬ್ಬಳ್ಳಿ–ವಿಜಯಪುರ ದಾರಿಯ ಲಾರಿ ಎಣಿಸುವುದು ಒಂದು. ಕೆಲಸಕ್ಕೆ ಬರಲಿಲ್ಲ. ತಾಡಪಾಲು ಮುಚ್ಚಿದ ಲಾರಿ ತುಂಬಿದೆಯೋ ಅರ್ಧವೋ ಹೇಗೆ ಗೊತ್ತಾಗಬೇಕು? ಡೀಸೆಲ್ ಲೆಕ್ಕ ಇನ್ನೊಂದು. ಮಾರ್ಚ್ 2024ರಲ್ಲಿ ಕೇಂದ್ರ 2 ರೂಪಾಯಿ ಇಳಿಸಿತು, ಜೂನ್‌ನಲ್ಲಿ ರಾಜ್ಯ ಅದಕ್ಕಿಂತ ಜಾಸ್ತಿ ಏರಿಸಿತು, ಏಪ್ರಿಲ್ 2025ರಲ್ಲಿ ಮತ್ತೆ ಸುಮಾರು 2 ರೂಪಾಯಿ. ಇದರಿಂದ ಲಾಭ ಅಂದಾಜು ಮಾಡಲು ಹೋದರೆ ತಲೆ ಕೆಡುತ್ತದೆ, ಯಾಕಂದರೆ ಇಷ್ಟು ದೊಡ್ಡ ಕಂಪನಿ ರಸ್ತೆ ಪಕ್ಕದ ಬಂಕಿನ ದರಕ್ಕೇ ಕಟ್ಟುಬಿದ್ದಿರುವುದಿಲ್ಲ. ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ತೆಗೆಯುವ ಇ-ವೇ ಬಿಲ್‌ನ ಅಂಕಿಗಳನ್ನೂ ಕೆಲವು ತಿಂಗಳು ಬರೆದಿಟ್ಟೆ. ಅದು ದೇಶದ ಲೆಕ್ಕ, ಒಂದು ಕಂಪನಿಗೆ ಹೊಂದುವುದಿಲ್ಲ.

ಡೆಲ್ಹಿವರಿ (Delhivery) ಅನ್ನುವ ಪಾರ್ಸೆಲ್ ಕಂಪನಿಯ ಷೇರಿನಲ್ಲೂ ಸ್ವಲ್ಪ ಹಣ ಹಾಕಿ ನೋಡಿದೆ, ಅದೇ 2022ರಲ್ಲಿ 487 ರೂಪಾಯಿಗೆ ಐಪಿಒ ತಂದ ಕಂಪನಿ. ಅಲ್ಲಿ ನನ್ನ ಬಿಲ್ಟಿ ನಡೆಯುವುದಿಲ್ಲ. ಅವರ ಎಕ್ಸ್‌ಪ್ರೆಸ್ ಪಾರ್ಸೆಲ್‌ನ ದರ ದೊಡ್ಡ ಆನ್‌ಲೈನ್ ಅಂಗಡಿಗಳ ಜೊತೆ ಕೂತು ಮಾತಾಡಿ ಆಗುವಂಥದ್ದು. 2023-24ರಲ್ಲಿ ಸುಮಾರು 74 ಕೋಟಿ ಪಾರ್ಸೆಲ್, ಅದರಿಂದ 5,000 ಕೋಟಿ ಚಿಲ್ಲರೆ ಆದಾಯ. ಭಾಗಿಸಿದರೆ ಪಾರ್ಸೆಲ್‌ಗೆ 70 ರೂಪಾಯಿ ಒಳಗೆ. ವರ್ಷ ಕಳೆದರೂ ಅದು ಹೆಚ್ಚೇನೂ ಮೇಲೇಳಲಿಲ್ಲ. 2024-25ರಲ್ಲಿ ಕಂಪನಿ ಮೊದಲ ಸಲ ಇಡೀ ವರ್ಷದ ಲಾಭ ತೋರಿಸಿತು, 160 ಕೋಟಿಯಷ್ಟು. ಒಳ್ಳೆಯದೇ. ಆದರೆ ದರ ಏರದ ಕಡೆ ನನಗೆ ಆಸಕ್ತಿಯಿಲ್ಲ. ಹಾಕಿದ ಹಣ ಬಂದಾಗ ಹೊರಬಂದೆ.

ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್ ಕೂಡ ವಿಆರ್‌ಎಲ್ ಹಾಗೆ ಕಡಿಮೆ ದರದ ಸರಕು ಬಿಡುವ ದಾರಿ ಹಿಡಿದಿದೆ ಅಂತ ಗೆಳೆಯರು ತೋರಿಸಿದರು. ಜನವರಿ 2025ರಲ್ಲಿ ಅವರು ಅಮೆಜಾನ್‌ನ ಪಾರ್ಸೆಲ್ ಅರ್ಧಕ್ಕಿಂತ ಜಾಸ್ತಿ ಬಿಡುತ್ತೇವೆ ಅಂದರು, 2026ರ ಎರಡನೇ ಅರ್ಧದೊಳಗೆ. ಅದೇ ದಿನ ಷೇರು 14% ಬಿತ್ತು. "ನೋಡು, ಸರಕು ಬಿಟ್ಟರೆ ಹೀಗೇ ಆಗುವುದು" ಅಂದರು. ನನಗೆ ಹಾಗೆ ಅನಿಸಲಿಲ್ಲ. ಯುಪಿಎಸ್‌ಗೆ ಕಟ್ಟಡ ಮುಚ್ಚಬೇಕು, ಸಾವಿರಾರು ಜನರನ್ನು ಕಡಿಮೆ ಮಾಡಬೇಕು, ಆಮೇಲೆ ಉಳಿತಾಯ. ವಿಆರ್‌ಎಲ್‌ನವರದು ಹೆಚ್ಚಿನವು ಸ್ವಂತ ಲಾರಿ, ಉಳಿದವು ಬಾಡಿಗೆಯವು. ಸರಕು ಕಡಿಮೆಯಾದರೆ ಮೊದಲು ಬಿಡುವುದು ಬಾಡಿಗೆ ಲಾರಿ, ಅದರ ಖರ್ಚು ಆ ತಿಂಗಳೇ ಇಳಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವವರ ಜೊತೆ ವಾದ ಮಾಡಿ ಸಾಕಾಗಿತ್ತು.

ಮೇ 2025ರಲ್ಲಿ ಮಾರ್ಚ್ ತ್ರೈಮಾಸಿಕದ ಫಲಿತಾಂಶ ಬಂತು. ಟನ್ನೇಜ್ ಹೋದ ವರ್ಷಕ್ಕಿಂತ ಸುಮಾರು 12% ಕಡಿಮೆ. ಆದಾಯ ಸುಮಾರು 5% ಜಾಸ್ತಿ. 105ನ್ನು 88ರಿಂದ ಭಾಗಿಸಿ ನೋಡಿ. ಟನ್ನಿಗೆ 19% ಜಾಸ್ತಿ ಬಂದ ಹಾಗಾಯಿತು. ಸಾಗಿಸುವ ಖರ್ಚು ಅದರ ಜೊತೆ ಏರಲಿಲ್ಲ, ಹಾಗಾಗಿ ಲಾಭ 21 ಕೋಟಿಯಿಂದ 74 ಕೋಟಿಗೆ ಹಾರಿತು. ವರ್ಷದ ಲಾಭ 183 ಕೋಟಿ, ಹಿಂದಿನ ವರ್ಷದ ಎರಡರಷ್ಟು. ಷೇರು 550 ದಾಟಿತು. ಬ್ರೋಕರ್ ಮತ್ತೆ ಫೋನ್ ಮಾಡಿದ. ಈ ಸಲ ಕೇಳಿದ್ದು, "ಈ ಟನ್ನಿನ ಲೆಕ್ಕ ಹೇಗೆ ಮಾಡ್ತೀರಿ?" ಅಂತ.

ಅರ್ಧ ಮಾರಿದೆ, 570ರ ಆಚೀಚೆ. ವರ್ಷ ತುಂಬದ ಕಾರಣ ಲಾಭದ ಮೇಲೆ 20% ತೆರಿಗೆ ಹೋಯಿತು. ಅದು ಕಳೆದು ಇಪ್ಪತ್ತೈದು ಸಾವಿರದಷ್ಟು ಕೈಗೆ. ನೂಲಿನ ಹಣ ನೂಲಿಗೆ ಹೋಯಿತು. ಉಳಿದರ್ಧ ಇದೆ. ಆಗಸ್ಟ್‌ನಲ್ಲಿ ಒಂದಕ್ಕೊಂದು ಬೋನಸ್ ಬಂದು ಷೇರಿನ ಸಂಖ್ಯೆ ಎರಡರಷ್ಟಾಯಿತು, ಬೆಲೆ ಅರ್ಧ. ಇದನ್ನು ಲಾಭ ಅಂತ ಕುಣಿದವರೂ ಇದ್ದಾರೆ, ನನಗೆ ಅದು ಲೆಕ್ಕಕ್ಕಿಲ್ಲ. ಜೂನ್ 2025ರ ತ್ರೈಮಾಸಿಕದ 50 ಕೋಟಿ ಲೆಕ್ಕಕ್ಕಿದೆ, ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ ಬಂದದ್ದು ಬರೀ 13.

ಆದರೆ ದರ ಏರಿ ವರ್ಷ ತುಂಬಿದ ಮೇಲೆ ಹೋಲಿಕೆ ಕಷ್ಟ. ಏರಿದ ದರಕ್ಕೆ ಏರಿದ ದರವನ್ನೇ ಹೋಲಿಸಬೇಕು. ಇನ್ನು ಮುಂದೆ ಟನ್ನೇಜ್ ತಿರುಗಿ ಬರಬೇಕು, ಇಲ್ಲ ದರ ಮತ್ತೆ ಏರಬೇಕು. ಅದಕ್ಕೆ ಈಗ ನಾನು ಪುಣೆ ಫೈಲ್ ಜೊತೆಗೆ ಗುಳೇದಗುಡ್ಡದ ಖಣ ಕಳಿಸುವ ಒಬ್ಬರ ಬಿಲ್ಟಿಗಳನ್ನೂ ತರಿಸಿಕೊಳ್ಳುತ್ತಿದ್ದೇನೆ. ಅವರ ಗಂಟು ಹಗುರ, ಊರು ಬೇರೆ. ಎರಡೂ ಫೈಲ್ ಒಂದೇ ಮಾತು ಹೇಳಿದರೆ ಮಾತ್ರ ಉಳಿದರ್ಧಕ್ಕೆ ಇನ್ನಷ್ಟು ಸೇರಿಸುತ್ತೇನೆ.